ನಡೆಸುತ್ತಿದ್ದವರು ಯಾರು

ಕಂದು ಲಕೋಟೆಯಲ್ಲಿ ನನ್ನ ಕಾರಿನ ಫೋಟೊ ಬಂದಿದೆ.
ತಲೆಯ ಮೇಲೆ ಕೆಂಪು ಎಲ್ ಹೊತ್ತು,
ಬೆನ್ನಿಗೆ ‘ಮ್ಯಾಂಡಿ ಡ್ರೈವಿಂಗ್’ ಎಂದು ಬರೆಸಿಕೊಂಡು.
ಮಂದಾಕಿನಿ ಅನ್ನುವಷ್ಟು ಪುರುಸೊತ್ತು
ಡಡ್ಲಿಯ ನಾಲಿಗೆಗೆ ಇಲ್ಲ.
ನಿಂತಿದೆ ನೋಡಿ, ಬಿಳಿ ಗೆರೆ ದಾಟಿ,
ಸೈಕಲ್ಲಿನವರಿಗೆಂದು ಬಿಟ್ಟ ಚೌಕದೊಳಗೆ
ಮುಂದಿನ ಎರಡು ಗಾಲಿ ಇಟ್ಟು,
ಪಕ್ಕದ ಮನೆಯ ಜಗುಲಿ ಹತ್ತಿದ ಕರುವಿನ ಹಾಗೆ.

ಮಂಗಳವಾರ. ಒಂಬತ್ತು ನಲವತ್ತೊಂದು.
ದೀಪ ಕೆಂಪಾಗಿ ಪೂರಾ ಒಂದು ಸೆಕೆಂಡೂ ಆಗಿರಲಿಲ್ಲ,
ಬರೀ ಚಿಲ್ಲರೆ.
ಆ ಚಿಲ್ಲರೆಯನ್ನೂ ಎಣಿಸಿ ಬರೆದಿದ್ದಾರೆ.

ಹದಿನೇಳು ವರ್ಷದಿಂದ ನಾನು ಹೇಳುವುದು ಒಂದೇ ಮಾತು:
ಗೆರೆ ಬಾನೆಟ್ಟಿನಡಿ ಮಾಯವಾಗುವ ಮುನ್ನ ನಿಲ್ಲಿ.
ಕಾಣುತ್ತಿದ್ದರೆ ನೀವಿನ್ನೂ ಈಚೆ,
ಕಾಣದಿದ್ದರೆ ಆಗಿಹೋಯಿತು.
ಗದಗಿನ ಶಾಲೆಯ ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದವಳಿಗೆ
ಇದನ್ನು ಯಾವ ಪುಸ್ತಕವೂ ಕಲಿಸಬೇಕಿರಲಿಲ್ಲ.
ಹೆಬ್ಬೆರಳ ಉಗುರು ತಾಗಿದರೂ ಔಟು.
ಅಲ್ಲಿ ಕ್ಯಾಮೆರಾ ಅಂದರೆ ಬಡಿಗೇರ ಕಸ್ತೂರಿ.
ಮೂಗು ಮಣ್ಣಿಗೆ ಹಚ್ಚಿ ನೋಡುವಳು.
ಅವಳ ಮುಂದೆ ಮೇಲ್ಮನವಿ ನಡೆಯುತ್ತಿರಲಿಲ್ಲ.

ಈಗ ಫಾರ್ಮು ಕೇಳುತ್ತಿದೆ,
ಆ ಹೊತ್ತಿಗೆ ಗಾಡಿ ನಡೆಸುತ್ತಿದ್ದವರು ಯಾರು?
ಇಪ್ಪತ್ತೆಂಟು ದಿನ ಗಡುವು.
ಖಾಲಿ ಚೌಕ, ಒಂದೇ ಹೆಸರಿಗೆ ಜಾಗ.

ಸ್ಟೇರಿಂಗ್ ಹಿಡಿದಿದ್ದವಳು ಡೊರೀನ್ ಪ್ಯೂ.
ವಯಸ್ಸು ಅರವತ್ತೆಂಟು, ಹನ್ನೊಂದನೇ ಪಾಠ.
ಗಂಡ ಕ್ಲೈವ್ ಇರುವ ತನಕ, ನಲವತ್ತು ವರ್ಷ,
ಎಡಗಡೆ ಸೀಟಿನಲ್ಲಿ ಕೂತು
ಅವನಿಗೆ ಪೆಪ್ಪರ್‌ಮಿಂಟು ಸುಲಿದು ಕೊಟ್ಟವಳು.
ಹಳದಿ ಕಂಡಾಗ ಅವಳಿಗೆ ಅನುಮಾನ.
ಹಿಂದೆ ಬ್ರೆಡ್ಡಿನ ವ್ಯಾನು ಉಸಿರು ತಾಗುವಷ್ಟು ಹತ್ತಿರ.
ಹೋಗಲಾ ಅಂದಳು, ನಿಲ್ಲಿ ಅಂದೆ.
ಅಷ್ಟರಲ್ಲಿ ಅವಳ ಕಾಲು ಹೋಗಿತ್ತು, ನನ್ನ ಕಾಲು ನಿಂತಿತ್ತು.
ನನ್ನ ಕಡೆಗೂ ಒಂದು ಬ್ರೇಕಿದೆ,
ಫೋಟೊದಲ್ಲಿ ಅದು ಬಿದ್ದಿಲ್ಲ.
ಅರ್ಧ ಅವಳು, ಅರ್ಧ ನಾನು,
ಒಂದು ಗೇಣಿನಷ್ಟು ಆ ಬ್ರೆಡ್ಡಿನವನು.
ಹೀಗೆ ಬರೆಯಲು ಜಾಗ ಕೊಟ್ಟಿಲ್ಲ.

ನೂರು ಪೌಂಡು ದೊಡ್ಡದಲ್ಲ.
ದೊಡ್ಡದೇ, ಮೂರು ಪಾಠದ ದುಡ್ಡು.
ಆದರೂ ತಪ್ಪುಕಾಣಿಕೆ ಅಂತ ಹುಂಡಿಗೆ ಹಾಕಿ ಕೈಮುಗಿದೇನು.
ಮೂರು ಪಾಯಿಂಟು ಹಾಗಲ್ಲ,
ಉಣ್ಣೆಯ ಹಾಗೆ ಕಚ್ಚಿಕೊಳ್ಳುತ್ತವೆ,
ಅದೂ ಇನ್ನೂ ಪೂರ್ತಿ ಹುಟ್ಟದ ಅವಳ ಲೈಸೆನ್ಸಿಗೆ.
ರಾತ್ರಿ ನನ್ನ ಹೆಸರೇ ಬರೆಯಲು ಕೂತೆ.
ಕೆಳಗೆ ಸಣ್ಣಕ್ಷರ: ಸುಳ್ಳು ಬರೆದರೆ ಜೈಲು.
ಸಣ್ಣಕ್ಷರ ನಾನು ಬಿಡುವವಳಲ್ಲ,
ಕಸ್ತೂರಿಯ ತರಬೇತಿ.

ಗುರುವಾರ ಗಾಡಿ ಬದಿಗೆ ಹಾಕಿಸಿ ಕಾಗದ ಕೊಟ್ಟೆ.
ಕನ್ನಡಕ ಬದಲಿಸಿ ಬಹಳ ಹೊತ್ತು ನೋಡಿದಳು.
ಹಿಂದಿನ ಗಾಜಿನಲ್ಲಿ ಮುಖವಿಲ್ಲ,
ನೀಲಿ ಉಲ್ಲನ್ ಟೊಪ್ಪಿಗೆಯೊಂದು ಮಾತ್ರ.
‘ಇದು ನಾನಾ?’
ಹೌದು ಅಂದೆ. ಕ್ಷಮಿಸಿ ಅನ್ನಲು ಬಾಯಿ ತೆರೆದೆ.
‘ಬರಿ ನನ್ನ ಹೆಸರು. ಪೂರ್ತಿ ಬರಿ,
ನಡುವಿನ ಐವಿ ಬಿಡಬೇಡ.
ಕರೆಂಟು, ನೀರು, ಟೀವಿ,
ಎಲ್ಲ ಕಾಗದವೂ ಇನ್ನೂ ಕ್ಲೈವ್‌ಗೇ ಬರುತ್ತವೆ,
ಅವನು ಹೋಗಿ ಎರಡು ವರ್ಷ.
ನೀನೇ ಗಾಡಿ ನಡೆಸಿದೆ ಅಂತ
ನನಗೆ ಬರೆದು ತಿಳಿಸುವವರು ಇವರೇ ಮೊದಲು.’

ಬರೆದೆ, ಮೊಣಕಾಲ ಮೇಲಿಟ್ಟುಕೊಂಡು.
ಅಕ್ಷರ ಅಲ್ಲಾಡಿದವು, ಎಂಜಿನ್ ಆರಿಸಿರಲಿಲ್ಲ.

ಮತ್ತೆ ಅದೇ ಸರ್ಕಲ್ಲು, ಮತ್ತೆ ಕೆಂಪು.
ಈ ಸಲ ಎರಡು ಕಾರು ಹಿಡಿಯುವಷ್ಟು ಮೊದಲೇ ನಿಂತಳು.
ಹಿಂದಿನವನು ಹಾರ್ನು ಒತ್ತಿದ, ಇನ್ನೊಮ್ಮೆ ಒತ್ತಿದ.
‘ಏನಂತೆ ಅವನಿಗೆ?’
ಕನ್ನಡಿ ನೋಡಿ ಅಂದೆ.
ನೋಡಲಿಲ್ಲ. ಅಂಗೈ ಮಾತ್ರ ನನ್ನ ಕಡೆ ಚಾಚಿದಳು,
ಪೆಪ್ಪರ್‌ಮಿಂಟಿಗೆ.
ಗೆರೆ ಅಲ್ಲೆಲ್ಲೋ ಮುಂದೆ,
ಈ ತುದಿಯಿಂದ ಆ ತುದಿಗೆ, ಇಡಿಯಾಗಿ ಕಾಣುತ್ತಿತ್ತು.